ರಿಂಜಾನಿಯ ಕೊನೆಯ ಏರಿಗೆ ಕಾಲು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಬರುವ ಆಗಸ್ಟ್‌ನಲ್ಲಿ ಇಂಡೊನೇಷ್ಯಾದ ಲೊಂಬೊಕ್ ದ್ವೀಪದಲ್ಲಿರುವ ರಿಂಜಾನಿ ಜ್ವಾಲಾಮುಖಿಯ ತುದಿ ಹತ್ತಬೇಕೆಂದಿದ್ದೇನೆ. ಕೈಯಲ್ಲಿ ನಾಲ್ಕು ತಿಂಗಳಿದೆ. ದಿನಕ್ಕೆ ಹದಿನೈದು ಕಿ.ಮೀ. ಬೆಟ್ಟದ ದಾರಿ ನಡೆಯುವುದು ನನಗೆ ಕಷ್ಟವಲ್ಲ. ಆದರೆ ಹೋಗಿಬಂದವರೆಲ್ಲ ಹೇಳುವುದು ಒಂದೇ ಮಾತು: ಕೊನೆಯ ಏರಿನಲ್ಲಿ ಎರಡು ಹೆಜ್ಜೆ ಮುಂದಿಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ, ತುದಿ ಕಣ್ಣೆದುರಿಗಿದ್ದರೂ ಎಷ್ಟೋ ಜನ ಅಲ್ಲಿಂದಲೇ ವಾಪಸಾಗುತ್ತಾರೆ. ಇದು ಎಷ್ಟು ನಿಜ? ಹೇಗೆ ತಯಾರಾಗಬೇಕು, ಏನೇನು ಒಯ್ಯಬೇಕು, ಇಳಿಯುವಾಗ ಏನು ಗಮನಿಸಬೇಕು? ವಿಷಾನಿಲದ ಭಯವಿದೆಯೇ?

ಉತ್ತರ: ಅವರು ಹೇಳಿದ್ದು ನಿಜ. ಆದರೆ ಅದಕ್ಕೆ ಕಾರಣ ಅವರ ಕಾಲಿನ ದೌರ್ಬಲ್ಯವಲ್ಲ, ಬೆಟ್ಟ ಹುಟ್ಟಿದ ರೀತಿ. ಅದನ್ನು ಮೊದಲು ಅರ್ಥ ಮಾಡಿಕೊಂಡರೆ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಕಣದಲ್ಲಿ ಕಾಳು ರಾಶಿ ಹಾಕುವುದನ್ನು ನೆನಪಿಸಿಕೊಳ್ಳಿ. ರಾಶಿ ಒಂದು ಮಟ್ಟದವರೆಗೆ ಕಡಿದಾಗುತ್ತ ಹೋಗುತ್ತದೆ. ಆಮೇಲೆ ಮೇಲೊಂದು ಹಿಡಿ ಸುರಿದರೆ ಬದಿಯ ಕಾಳು ಜಾರಿ ಕೆಳಗಿಳಿದು, ಇಳಿಜಾರು ಮತ್ತೆ ಮೊದಲಿನಷ್ಟೇ ಆಗುತ್ತದೆ. ಸಡಿಲವಾದ ಪ್ರತಿಯೊಂದು ವಸ್ತುವಿಗೂ ಇಂಥದ್ದೊಂದು ಮಿತಿಯ ಕೋನವಿದೆ. ಜ್ವಾಲಾಮುಖಿ ಉಗುಳಿದ ಬೂದಿಗೂ ತೂತು ತೂತಾದ ಹಗುರ ಜಲ್ಲಿಗೂ ಅದು ಸುಮಾರು 30ರಿಂದ 35 ಡಿಗ್ರಿ. ಸಾಮಾನ್ಯ ಬೆಟ್ಟದಲ್ಲಿ ಬಂಡೆ, ಬೇರು, ಮಣ್ಣು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಜ್ವಾಲಾಮುಖಿಯ ಮೇಲ್ಭಾಗದಲ್ಲಿ ಹಿಡಿದುಕೊಳ್ಳುವಂಥದ್ದು ಏನೂ ಇರುವುದಿಲ್ಲ. ಇಡೀ ಇಳಿಜಾರು ಜಾರುವುದಕ್ಕೆ ಒಂದೇ ಒಂದು ಹಿಡಿ ಬಾಕಿ ಇರುವ ರಾಶಿಯಂತೆ ನಿಂತಿರುತ್ತದೆ. ನಿಮ್ಮ ಕಾಲೇ ಆ ಕೊನೆಯ ಹಿಡಿ.

ಇನ್ನೊಂದು ಸಂಗತಿಯಿದೆ. ಸ್ಫೋಟವಾದಾಗ ದಪ್ಪ ಕಲ್ಲು ಬಾಯಿಯ ಹತ್ತಿರವೇ ಬೀಳುತ್ತದೆ, ನಯವಾದ ಬೂದಿ ದೂರ ಹೋಗುತ್ತದೆ, ಮಳೆನೀರು ಮೇಲಿನದನ್ನು ಕೊಚ್ಚಿ ತಂದು ಬುಡದಲ್ಲಿ ಹರಡುತ್ತದೆ. ಹೀಗಾಗಿ ಇಂಥ ಬೆಟ್ಟದ ಬುಡ ಚಪ್ಪಟೆ, ತುದಿ ಕಡಿದು. ಜಪಾನಿನ ಫ್ಯೂಜಿ, ಫಿಲಿಪ್ಪೀನ್ಸಿನ ಮಾಯೋನ್ ಶಿಖರಗಳ ಚಿತ್ರ ನೋಡಿದವರಿಗೆ ಆ ಗೆರೆ ಪರಿಚಿತ: ಕೆಳಗೆ ನಿಧಾನವಾಗಿ ಎದ್ದು, ಮೇಲೆ ಹೋದಂತೆ ನೆಟ್ಟಗಾಗುವ ಬಾಗು. ನಡೆಯುವವನಿಗೆ ಇದರ ಅರ್ಥ ಏನೆಂದರೆ ಅತ್ಯಂತ ಕಷ್ಟದ ಭಾಗ ಯಾವಾಗಲೂ ಕಟ್ಟಕಡೆಗೆ ಬರುತ್ತದೆ. ಅದೂ ಕಾಲು ಸೋತು, ನಿದ್ದೆಗೆಟ್ಟು, ಗಾಳಿ ತೆಳುವಾಗಿ, ಚಳಿ ಹೆಚ್ಚಾಗಿರುವ ಹೊತ್ತಿನಲ್ಲಿ. ಆದ್ದರಿಂದ ರಿಂಜಾನಿಯ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಹಾಕಬೇಡಿ. ತುದಿಯಿಂದ ಕೆಳಕ್ಕೆ ಹಾಕಿ. ಕೊನೆಯ 300 ಮೀಟರ್ ಎತ್ತರಕ್ಕೆ ಎಷ್ಟು ಶಕ್ತಿ, ಎಷ್ಟು ಹೊತ್ತು, ಎಷ್ಟು ನೀರು ಬೇಕೋ ಅಷ್ಟನ್ನು ಮೊದಲೇ ಎತ್ತಿಟ್ಟು, ಮಿಕ್ಕಿದ್ದರಲ್ಲಿ ಉಳಿದ ದಾರಿ ಮುಗಿಸಬೇಕು.

ಈಗ ಅಂಕಿಗಳು. ಶಿಖರ 3,726 ಮೀ. ಹೆಚ್ಚಿನವರು ಹತ್ತುವುದು ಪೂರ್ವದ ಸೆಂಬಲುನ್ ಕಡೆಯಿಂದ. ಆ ಊರು ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮೊದಲ ದಿನ ಹುಲ್ಲುಗಾವಲು ದಾಟಿ, ಮೂರು ತಂಗುದಾಣ ಕಳೆದು, ‘ಪಶ್ಚಾತ್ತಾಪದ ಏಳು ಗುಡ್ಡ’ ಎಂದು ಅಲ್ಲಿನವರು ಕರೆಯುವ ಸಾಲು ಏರು ಮುಗಿಸಿ, 2,639 ಮೀಟರಿನಲ್ಲಿರುವ ಕುಳಿಯಂಚಿನ ಬಿಡಾರ ಸೇರುತ್ತೀರಿ. ಏಳೆಂಟು ಗಂಟೆಯ ನಡಿಗೆ. ಅದೇ ರಾತ್ರಿ ಎರಡಕ್ಕೆ ಎದ್ದು ಉಳಿದ 1,087 ಮೀಟರ್ ಏರಬೇಕು. ದೂರ ಮೂರು ಕಿ.ಮೀ. ಆಸುಪಾಸು ಮಾತ್ರ. ನೀವು ಹದಿನೈದು ಕಿ.ಮೀ. ನಡೆಯಬಲ್ಲಿರಿ ಎಂಬುದು ಒಳ್ಳೆಯದೇ, ಆದರೆ ಇಲ್ಲಿ ಕಿ.ಮೀ. ಲೆಕ್ಕ ಏನನ್ನೂ ಹೇಳುವುದಿಲ್ಲ. ಗಂಟೆಗೆ ಎಷ್ಟು ಮೀಟರ್ ಎತ್ತರ ಏರಬಲ್ಲಿರಿ ಎಂಬುದೊಂದೇ ಲೆಕ್ಕ. ಗಟ್ಟಿ ದಾರಿಯಲ್ಲಿ ಅಭ್ಯಾಸವಿದ್ದವರು ಗಂಟೆಗೆ 300 ಮೀ. ಏರುತ್ತಾರೆ, ಸಡಿಲ ಜಲ್ಲಿಯಲ್ಲಿ ಅವರೇ 200ಕ್ಕೆ ಇಳಿಯುತ್ತಾರೆ.

ಈ ರಾತ್ರಿಯ ಏರು ಮೂರು ತುಂಡು. ಮೊದಲನೆಯದು ಬಿಡಾರದಿಂದ ಏಣಿನ, ಅಂದರೆ ಬೆಟ್ಟದ ಬೆನ್ನೇಣಿನ, ನೆತ್ತಿಯವರೆಗೆ: ಕಡಿದು, ಮೊಣಕಾಲುದ್ದದ ಬೂದಿ ಕೊರಕಲು, ಮುಂದಿನವರ ಕಾಲಿನಿಂದೆದ್ದ ದೂಳು. ಸುಮಾರು ಒಂದು ಗಂಟೆ. ಎರಡನೆಯದು ಏಣಿನ ಮೇಲಿನ ಉದ್ದ ನಡಿಗೆ. ಏರು ಹದವಾಗಿದೆ, ಉಸಿರು ಹಿಡಿತಕ್ಕೆ ಬರುತ್ತದೆ. ಒಂದೂವರೆ ಗಂಟೆಯಿಂದ ಎರಡು. ಎಲ್ಲರೂ ಎಡವುವುದು ಇಲ್ಲಿಯೇ. ದಾರಿ ಹಗುರವೆನಿಸಿ ಬೀಸುಹೆಜ್ಜೆ ಹಾಕುತ್ತಾರೆ, ಮುಂದಿನ ಗುಂಪನ್ನು ಹಿಂದೆ ಹಾಕುತ್ತಾರೆ. ಮೂರನೆಯದು, ಗೈಡ್‌ಗಳು ‘ಲೆಟರ್ ಇ’ ಎನ್ನುವ ತಿರುವುಗಳ ಜಲ್ಲಿ ಏರು. ಎರಡನೆಯ ತುಂಡಿನಲ್ಲಿ ಉಳಿಸಿದ್ದೆಲ್ಲ ಇಲ್ಲಿ ಬೇಕಾಗುತ್ತದೆ. ಏಣಿನ ಮೇಲೆ ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನವಾಗಿ ನಡೆಯಿರಿ. ಆಗುತ್ತಿಲ್ಲವೆಂದರೆ ನಿಮ್ಮ ವೇಗ ಜಾಸ್ತಿಯಾಯಿತು.

ಹೆಜ್ಜೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಲ್ಲಿಯಲ್ಲಿ ಜಾರುವುದು ಬಹುಪಾಲು ನಾವಾಗಿ ಮಾಡಿಕೊಳ್ಳುವ ತಪ್ಪು. ಗಟ್ಟಿ ನೆಲದಲ್ಲಿ ನಾವು ಹಿಂದಿನ ಪಾದದ ತುದಿಯಿಂದ ನೆಲವನ್ನು ಹಿಂದಕ್ಕೆ ಒದ್ದು ಮುಂದೆ ಹೋಗುತ್ತೇವೆ. ಜಲ್ಲಿಯಲ್ಲಿ ಆ ಒದೆತವೇ ಕಲ್ಲನ್ನು ಕೆಳಕ್ಕೆ ದೂಡುತ್ತದೆ. ಹೆಜ್ಜೆ ಉದ್ದವಾದಷ್ಟೂ ಒದೆತ ಓರೆಯಾಗುತ್ತದೆ, ಓರೆಯಾದಷ್ಟೂ ಜಾರು ಹೆಚ್ಚು. ಅದಕ್ಕೆ ಹೀಗೆ ಮಾಡಿ: ಒಂದು ಗೇಣಿಗಿಂತ ಉದ್ದ ಹೆಜ್ಜೆ ಇಡಬೇಡಿ. ಬೂಟಿನ ಮುಂಭಾಗವನ್ನು ಜಲ್ಲಿಯೊಳಕ್ಕೆ ಮೆಲ್ಲಗೆ ತುರುಕಿ, ಪಾದ ಪೂರ್ತಿ ಕೂರಲಿ. ಈಗ ಅರ್ಧ ಕ್ಷಣ ಕಾಯಿರಿ. ಕಾಲಡಿಯ ಕಲ್ಲುಗಳು ಸರಿದು, ಒಂದಕ್ಕೊಂದು ಸಿಕ್ಕಿಕೊಂಡು, ಸದ್ದು ನಿಲ್ಲುತ್ತದೆ. ಆಗ ಮೈಭಾರವನ್ನು ಆ ಕಾಲಿನ ಮೇಲೆ ನೇರವಾಗಿ ಹಾಕಿ ಮಂಡಿ ನೆಟ್ಟಗೆ ಮಾಡಿ ಏಳಿ. ಹಿಂದಿನ ಕಾಲು ಒದೆಯಬಾರದು, ಬರೀ ಎತ್ತಿಕೊಳ್ಳಬೇಕು. ಮಂಡಿ ನೆಟ್ಟಗಾದ ಆ ಗಳಿಗೆಯಲ್ಲಿ ಭಾರವೆಲ್ಲ ಮೂಳೆಯ ಮೇಲಿರುತ್ತದೆ, ತೊಡೆಗೆ ಚಿಕ್ಕ ವಿಶ್ರಾಂತಿ ಸಿಗುತ್ತದೆ. ಪ್ರತಿ ಹೆಜ್ಜೆಗೂ ಒಂದು ಉಸಿರು. ನೋಡುವವರಿಗೆ ಇದು ತೆವಳಿದಂತೆ ಕಾಣಬಹುದು. ಆದರೆ ದೊಡ್ಡ ಹೆಜ್ಜೆ ಹಾಕಿ ಅರ್ಧ ಜಾರುವವನು ಇಪ್ಪತ್ತು ಹೆಜ್ಜೆಗೊಮ್ಮೆ ಸೊಂಟ ಹಿಡಿದು ನಿಲ್ಲುತ್ತಾನೆ. ನಿಲ್ಲದೆ ತೆವಳುವವನು ಅವನಿಗಿಂತ ಮೊದಲು ಮೇಲಿರುತ್ತಾನೆ.

ಮುಂದಿನವರು ಇಟ್ಟ ಗುಳಿಯಲ್ಲೇ ಕಾಲಿಡಿ, ಅಲ್ಲಿ ಕಲ್ಲು ಆಗಲೇ ಅದುಮಿಕೊಂಡಿರುತ್ತದೆ. ದಾರಿಯ ನಡುವಿನ ಕೊರಕಲಿನಲ್ಲಿ ಜಲ್ಲಿ ಅತ್ಯಂತ ಸಡಿಲ. ಬೇರೂರಿದ ಕಲ್ಲು ಇರುವ, ಬೆಟ್ಟದ ಮೈಗೆ ತಾಗಿದ ಬದಿ ಹುಡುಕಿ. ಆದರೆ ಅಂಚಿನ ಬದಿಗೆ ಮಾತ್ರ ಹೋಗಬೇಡಿ. ನಡೆಗೋಲು ಎರಡಿರಲಿ, ಒಂದು ಸಾಲದು. ಏರುವಾಗ ಹತ್ತು ಸೆಂ.ಮೀ. ಗಿಡ್ಡ ಮಾಡಿಕೊಳ್ಳಿ, ತುದಿಯಲ್ಲಿ ಅಗಲ ಬಿಲ್ಲೆ ಇಲ್ಲದಿದ್ದರೆ ಕೋಲು ಬೂದಿಯಲ್ಲಿ ಹೂತುಹೋಗುತ್ತದೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೆಯುವುದು ಅಪಾಯ. ನಿಮ್ಮ ಕಾಲಿನಿಂದ ಮುಷ್ಟಿ ಗಾತ್ರದ ಕಲ್ಲು ಉರುಳಿದರೂ ಕೂಡಲೇ ಜೋರಾಗಿ ಕೂಗಿ ಹೇಳಿ.

ತಯಾರಿಗೆ ಬರೋಣ. ನಾಲ್ಕು ತಿಂಗಳು ಸಾಕು, ಆದರೆ ಮಟ್ಟಸ ದಾರಿಯ ಓಟ ನಡಿಗೆ ಹೆಚ್ಚಿಗೆ ಪ್ರಯೋಜನಕ್ಕೆ ಬರದು. ಮೆಟ್ಟಿಲು ಬೇಕು. 17 ಸೆಂ.ಮೀ. ಎತ್ತರದ ಮೆಟ್ಟಿಲಾದರೆ ಸಾವಿರ ಮೀಟರ್ ಎಂದರೆ ಸುಮಾರು 5,900 ಮೆಟ್ಟಿಲು. ಗಾಬರಿ ಬೇಡ. ಮೊದಲ ವಾರ ಒಂದು ಸಲಕ್ಕೆ 200 ಮೀಟರ್, ಅಂದರೆ 1,200 ಮೆಟ್ಟಿಲಿನಿಂದ ಶುರು ಮಾಡಿ, ವಾರಕ್ಕೆ ಮೂರು ದಿನ. ಪ್ರತಿ ವಾರ ಐವತ್ತರವತ್ತು ಮೀಟರ್ ಏರಿಸುತ್ತ ಹೋಗಿ, ಮೂರನೆಯ ತಿಂಗಳ ಕೊನೆಗೆ ವಾರದಲ್ಲಿ ಒಂದು ದಿನ ಬೆನ್ನಿಗೆ ಆರೇಳು ಕೆ.ಜಿ. ಹೊತ್ತು 800 ಮೀಟರ್ ಮುಟ್ಟಬೇಕು. ಹೊರಡುವ ಹದಿನೈದು ದಿನ ಮೊದಲು ಒಮ್ಮೆ ಸಾವಿರ ಮುಟ್ಟಿಸಿ, ಆಮೇಲೆ ಇಳಿಸಿಬಿಡಿ. ಕೊನೆಯ ಹತ್ತು ದಿನ ಬರೀ ಹಗುರ ನಡಿಗೆ.

ಮೆಟ್ಟಿಲು ಹತ್ತಿ ಲಿಫ್ಟ್‌ನಲ್ಲಿ ಇಳಿದರೆ ಅರ್ಧ ತಯಾರಿ ವ್ಯರ್ಥ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಮರುದಿನ ಕೂರಲು ಏಳಲು ಆಗದಂತೆ ನೋವು ಬರುವುದು ಆ ಕೆಲಸದಿಂದ. ಅದೇ ಕೆಲಸವನ್ನು ಮೊದಲೇ ಸ್ವಲ್ಪ ಸ್ವಲ್ಪ ಮಾಡಿದ್ದರೆ ಸ್ನಾಯು ಹೊಂದಿಕೊಂಡು, ಮುಂದಿನ ಸಲದ ನೋವು ಬಹಳ ಕಡಿಮೆಯಾಗುತ್ತದೆ. ಹೀಗಾಗಿ ಮೆಟ್ಟಿಲಿನಲ್ಲೇ ಇಳಿಯಿರಿ. ಜೊತೆಗೆ ಒಂದು ಮೆಟ್ಟಿಲ ಅಂಚಿನಲ್ಲಿ ನಿಂತು, ಒಂದು ಕಾಲಿನ ಮೇಲೆ ಭಾರವಿಟ್ಟು, ಇನ್ನೊಂದರ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ತಾಗುವವರೆಗೆ ಮೂರು ಎಣಿಸುತ್ತ ಇಳಿಯಿರಿ. ಹನ್ನೆರಡರಂತೆ ಮೂರು ಸುತ್ತು, ಎರಡೂ ಕಾಲಿಗೆ. ಹತ್ತಿರ ಮರಳು ದಿಣ್ಣೆಯೋ ಸಡಿಲ ಮಣ್ಣಿನ ಏರೋ ಇದ್ದರೆ ಮೇಲೆ ಹೇಳಿದ ಹೆಜ್ಜೆಯನ್ನು ಅಲ್ಲಿ ಕಲಿಯಿರಿ; ರಾತ್ರಿ ಮೂರು ಗಂಟೆಗೆ ಬೆಟ್ಟದ ಮೇಲೆ ಕಲಿಯುವುದು ತಡವಾಯಿತು.

ಎಷ್ಟು ದಿನದ ಯೋಜನೆ ಆರಿಸಬೇಕೆಂದು ನೀವು ಕೇಳಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ ತೀರ್ಮಾನ ಅದೇ. ಎರಡು ದಿನ ಒಂದು ರಾತ್ರಿಯ ಪ್ಯಾಕೇಜ್ ಅಗ್ಗ, ಬೇಗ ಮುಗಿಯುತ್ತದೆ. ಅದರ ಎರಡನೆಯ ದಿನವನ್ನು ಬಿಡಿಸಿ ನೋಡಿ: ರಾತ್ರಿ ಎರಡಕ್ಕೆ ಎದ್ದು 1,087 ಮೀ. ಏರಿ, ಅಲ್ಲಿಂದ ಅದೇ ದಿನ 2,570 ಮೀಟರಿಗೂ ಹೆಚ್ಚು ಇಳಿಯಬೇಕು. ಕಾಲು ತಿರುಚುವುದು, ಮಂಡಿ ಊದುವುದು, ಕಾಲ್ಬೆರಳ ಉಗುರು ಕಪ್ಪಾಗುವುದು ಈ ಇಳಿತದಲ್ಲಿ. ಮೂರು ದಿನ ಎರಡು ರಾತ್ರಿ ತೆಗೆದುಕೊಳ್ಳಿ. ಅದರಲ್ಲೂ ಶಿಖರದಿಂದ ಬಂದ ದಿನವೇ ಸೆಗಾರಾ ಅನಾಕ್ ಕೆರೆಗೆ ಇಳಿಸುವ ಯೋಜನೆ ಬಹಳ ಜನಪ್ರಿಯ. ಕೆರೆ ಸುಮಾರು 2,000 ಮೀಟರಿನಲ್ಲಿದೆ, ಬಿಸಿನೀರಿನ ಬುಗ್ಗೆ ಇದೆ, ಚೆಂದದ ಜಾಗ. ಆದರೆ ಕುಳಿಯಂಚಿನಿಂದ ಅಲ್ಲಿಗಿಳಿಯುವ ದಾರಿ ಕಲ್ಲು ಕಲ್ಲು, ಕಡಿದು. ಸೋತ ಕಾಲಿಗೆ ಹೇಳಿದ್ದಲ್ಲ. ಮೊದಲ ಸಲದವರು ಎರಡನೆಯ ರಾತ್ರಿಯನ್ನೂ ಕುಳಿಯಂಚಿನ ಬಿಡಾರದಲ್ಲೇ ಕಳೆದು, ಮೂರನೆಯ ಬೆಳಿಗ್ಗೆ ಬಂದ ದಾರಿಯಲ್ಲೇ ಸೆಂಬಲುನ್‌ಗೆ ಇಳಿಯುವುದು ಲೇಸು. ಕೆರೆ ಮೇಲಿನಿಂದಲೇ ಪೂರ್ತಿ ಕಾಣುತ್ತದೆ.

ಸಾಮಾನಿನಲ್ಲಿ ಹೆಚ್ಚಿನವರು ಮರೆಯುವುದು ಗೇಟರ್, ಅಂದರೆ ಬೂಟಿನ ಬಾಯಿ ಮುಚ್ಚುವ ಬಟ್ಟೆಯ ಕವಚ. ಕಣಕಾಲು ಮುಚ್ಚುವಷ್ಟು ಗಿಡ್ಡದಿದ್ದರೂ ನಡೆಯುತ್ತದೆ. ಅದಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಬೂಟಿನೊಳಗೆ ಚೂಪು ಹರಳು ತುಂಬುತ್ತದೆ. ಇದು ಹೊಳೆಯ ಮರಳಿನಂತೆ ಉರುಟಲ್ಲ. ಒಡೆದ ಗಾಜಿನ ಪುಡಿಯ ಜಾತಿ. ಕಾಲುಚೀಲದ ನೂಲಿನಲ್ಲಿ ಸಿಕ್ಕಿಕೊಂಡು ಒಂದೇ ಜಾಗವನ್ನು ಹೆಜ್ಜೆ ಹೆಜ್ಜೆಗೂ ಉಜ್ಜುತ್ತದೆ, ಮೇಲೆ ತಲುಪುವ ಹೊತ್ತಿಗೆ ಹಿಮ್ಮಡಿಯ ಚರ್ಮ ಎದ್ದಿರುತ್ತದೆ. ಬೂಟು ಹರಡು ಮುಚ್ಚುವಂಥದ್ದು, ಗಟ್ಟಿ ಅಟ್ಟೆಯದು, ಎರಡು ತಿಂಗಳು ಹಾಕಿ ಪಳಗಿಸಿದ್ದು, ಮುಂದೆ ಒಂದು ಬೆರಳಗಲ ಜಾಗ ಇರುವಂಥದ್ದು. ಹಳೆಯ ಬೂಟಾದರೆ ಅಟ್ಟೆಯ ಅಂಟು ಪರೀಕ್ಷಿಸಿ. ವರ್ಷಗಟ್ಟಲೆ ಎತ್ತಿಟ್ಟ ಬೂಟಿನ ಅಟ್ಟೆ ಜಲ್ಲಿಯ ತಿಕ್ಕಾಟಕ್ಕೆ ಕಿತ್ತು ಬರುತ್ತದೆ.

ಕೈಗವಸು ಚಳಿಗೆ ಮಾತ್ರವಲ್ಲ. ಬಿದ್ದಾಗ ಕೈಯೂರುವುದು ಆ ಗಾಜಿನಂಥ ಕಲ್ಲಿನ ಮೇಲೆ. ಕಣ್ಣಿಗೆ ಬಣ್ಣವಿಲ್ಲದ ಕನ್ನಡಕ ಇರಲಿ. ಏಣಿನ ಗಾಳಿ ಬೂದಿಯನ್ನು ಮುಖಕ್ಕೆ ಎರಚುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ರಾತ್ರಿ ಅದನ್ನು ಬಿಟ್ಟು ಮಾಮೂಲಿ ಕನ್ನಡಕ ಹಾಕುವುದು ಒಳ್ಳೆಯದು. ಬಾಯಿ ಮೂಗಿಗೆ ತೆಳು ಬಟ್ಟೆ. ತಲೆಗೆ ಕಟ್ಟುವ ಟಾರ್ಚ್‌ಗೆ ಹೊಸ ಬ್ಯಾಟರಿ ಹಾಕಿ, ಇನ್ನೊಂದು ಜೊತೆಯನ್ನು ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳಿ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ.

ಉಷ್ಣವಲಯದ ದ್ವೀಪ ಎಂದು ಬಟ್ಟೆ ಕಡಿಮೆ ಮಾಡಬೇಡಿ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಕಡಲತೀರದಲ್ಲಿ 25 ಡಿಗ್ರಿ ಇರುವ ರಾತ್ರಿ, ತುದಿಯಲ್ಲಿ ಒಂದೆರಡು ಡಿಗ್ರಿ. ಅದರ ಮೇಲೆ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಾಗುವ ಚಳಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ. ಬೆವರು ಹೀರದ ಒಳ ಅಂಗಿ, ಮೇಲೊಂದು ಬೆಚ್ಚನೆಯದು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿಯ ಅಂಗಿ ಒದ್ದೆಯಾದರೆ ಒಣಗುವುದಿಲ್ಲ, ಅದನ್ನು ಬಿಡಾರದಲ್ಲೇ ಬಿಡಿ. ಹೊರಡುವಾಗ ಸ್ವಲ್ಪ ಚಳಿ ಎನಿಸಬೇಕು. ಎಲ್ಲ ಹೊದ್ದು ಹೊರಟರೆ ಮೊದಲ ಏರಿನಲ್ಲೇ ಬೆವೆತು ಏಣಿನ ಮೇಲೆ ನಡುಗುತ್ತೀರಿ. ಬೆಚ್ಚನೆಯ ಪದರ ತುದಿಯಲ್ಲಿ ಹಾಕಿಕೊಳ್ಳಲು ಚೀಲದಲ್ಲಿರಲಿ.

ನೀರಿನ ವಿಷಯದಲ್ಲಿ ಜ್ವಾಲಾಮುಖಿ ಕಠಿಣ. ತೂತು ಬಂಡೆ, ಸಡಿಲ ಬೂದಿ ಮಳೆಯನ್ನೆಲ್ಲ ಕುಡಿದುಬಿಡುವುದರಿಂದ ಮೇಲ್ಭಾಗದಲ್ಲಿ ಹಳ್ಳ ತೊರೆ ಇರುವುದಿಲ್ಲ. ಕುಳಿಯಂಚಿನ ಬಿಡಾರದ ಹತ್ತಿರ ಒಂದು ಒರತೆ ಇದೆ, ಕುದಿಸದೆ ಕುಡಿಯಬೇಡಿ. ಮೊದಲ ದಿನ ಹುಲ್ಲುಗಾವಲಿನಲ್ಲಿ ನೆರಳಿಲ್ಲ, ಮೂರು ಲೀಟರ್ ಬೇಕು. ಶಿಖರದ ರಾತ್ರಿಗೆ ಎರಡು ಲೀಟರ್. ಅದರಲ್ಲಿ ಮುಕ್ಕಾಲು ಲೀಟರನ್ನು ಇಳಿಯುವುದಕ್ಕೆಂದೇ ಬೇರೆ ಬಾಟಲಿಯಲ್ಲಿಡಿ. ಹೊರಡುವ ಮುನ್ನ ಹಗುರವಾಗಿ ತಿನ್ನಿ, ಆಮೇಲೆ ಹಸಿವಾಗದಿದ್ದರೂ ನಲವತ್ತು ನಿಮಿಷಕ್ಕೊಮ್ಮೆ ಎರಡು ತುತ್ತು ಸಿಹಿ ಏನಾದರೂ ಬಾಯಿಗೆ ಹಾಕಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಕಾಲಿಗೆ ಮಾತ್ರ ಇಂಧನ ಬೇಕೇ ಬೇಕು.

ತುದಿಯಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಿಮೆ. ಕಡಲತೀರದಿಂದ ಹೊರಟು ಎರಡೇ ದಿನದಲ್ಲಿ ಅಲ್ಲಿರುತ್ತೀರಿ, ದೇಹಕ್ಕೆ ಹೊಂದಿಕೊಳ್ಳಲು ಸಮಯವಿಲ್ಲ. ಬಿಡಾರದಲ್ಲಿ ತಲೆನೋವು ಬಂದು, ನೀರು ಕುಡಿದು ಮಲಗಿದರೂ ಹೋಗದೆ, ಜೊತೆಗೆ ವಾಕರಿಕೆ ಇದ್ದರೆ ರಾತ್ರಿ ಏರಬೇಡಿ. ಹಿಮ್ಮಡಿಗೆ ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡುವವರನ್ನು, ಅವರು ಏನೇ ಹೇಳಲಿ, ಆ ಕ್ಷಣವೇ ಜೊತೆಗೊಬ್ಬರಿದ್ದು ಕೆಳಗಿಳಿಸಬೇಕು. ಎತ್ತರದ ತೊಂದರೆಗೆ ಮುಂಚಿತವಾಗಿ ತೆಗೆದುಕೊಳ್ಳುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ, ಸಲ್ಫಾ ಔಷಧದ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ.

ವಿಷಾನಿಲ ಮತ್ತು ಸ್ಫೋಟ. ರಿಂಜಾನಿಯ ನೆತ್ತಿಯಿಂದ ಈಗ ಹೊಗೆ ಬರುವುದಿಲ್ಲ. ಸಮಾಲಾಸ್ ಎಂಬ ಪಕ್ಕದ ಶಿಖರ 1257ರಲ್ಲಿ ಸಿಡಿದು ಕುಸಿದು ದೊಡ್ಡ ಕುಳಿಯಾಯಿತು, ಕೆರೆ ಅದರೊಳಗಿದೆ. ಕೆರೆಯ ಮಗ್ಗುಲಿನ ಬಾರುಜಾರಿ ಎಂಬ ಪುಟ್ಟ ಶಂಕುವೇ ಇಂದಿನ ಬಾಯಿ. 2015ರಲ್ಲೂ 2016ರಲ್ಲೂ ಉಗುಳಿತ್ತು. ಆದ್ದರಿಂದ ಏಣಿನ ದಾರಿಯಲ್ಲಿ ಅನಿಲದ ಚಿಂತೆ ಕಡಿಮೆ. ಹೊಗೆಯಾಡುವ ಬಾಯಿಯ ಹತ್ತಿರ ಹೋಗುವ ಬೇರೆ ಬೆಟ್ಟಗಳಲ್ಲಿ ಮಾತ್ರ ಇದು ಪ್ರಾಣದ ವಿಷಯ. ಗಂಧಕದ ಹೊಗೆ ಗಂಟಲು ಕಣ್ಣು ಉರಿಸಿ ಎಚ್ಚರಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದು ತಿಳಿಯಬಾರದು. ಇಂಗಾಲದ ಡೈಆಕ್ಸೈಡ್‌ಗೆ ವಾಸನೆಯೇ ಇಲ್ಲ, ಗಾಳಿಗಿಂತ ಭಾರವಾದ್ದರಿಂದ ಗುಂಡಿಗಳಲ್ಲಿ ನಿಲ್ಲುತ್ತದೆ. ಒದ್ದೆ ಬಟ್ಟೆ ಇವಕ್ಕೆ ರಕ್ಷಣೆಯಲ್ಲ. ಗಾಳಿ ಬರುವ ದಿಕ್ಕಿಗೆ, ಎತ್ತರಕ್ಕೆ ಸರಿಯುವುದೊಂದೇ ದಾರಿ.

ಅದಕ್ಕಿಂತ ಮುಖ್ಯವಾದದ್ದು ಎಚ್ಚರಿಕೆಯ ಮಟ್ಟ. ಇಂಡೊನೇಷ್ಯಾದಲ್ಲಿ ಕೆಳಗಿನಿಂದ ಮೇಲಕ್ಕೆ ನಾಲ್ಕು ಮಟ್ಟಗಳಿವೆ: ನಾರ್ಮಲ್ (ಸಾಮಾನ್ಯ), ವಾಸ್ಪದಾ (ಜಾಗ್ರತೆ), ಸಿಯಾಗಾ (ಸನ್ನದ್ಧ), ಆವಾಸ್ (ಅಪಾಯ). ಎರಡನೆಯದು ಸೌಮ್ಯವಾಗಿ ಕೇಳಿಸುತ್ತದೆ. ಆದರೆ ಸುಮಾತ್ರಾದ ಮರಾಪಿ ಆ ಎರಡನೆಯ ಮಟ್ಟದಲ್ಲಿದ್ದಾಗಲೇ 2023ರ ಡಿಸೆಂಬರ್ 3ರಂದು ಸಿಡಿದು, ಮೇಲಿದ್ದ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಜಪಾನಿನ ಒಂಟಾಕೆ 2014ರ ಸೆಪ್ಟೆಂಬರ್ 27ರಂದು ಅತ್ಯಂತ ಕೆಳಗಿನ ಮಟ್ಟದಲ್ಲಿದ್ದೇ ಸಿಡಿಯಿತು. ಸತ್ತವರು ಕಾಣೆಯಾದವರು ಸೇರಿ 63 ಜನ. ನೆಲದಡಿಯ ನೀರು ದಿಢೀರನೆ ಆವಿಯಾಗಿ ಆಗುವ ಸ್ಫೋಟಕ್ಕೆ ಮುನ್ಸೂಚನೆ ಬಹಳ ಕಡಿಮೆ. ಹೊರಡುವ ಹಿಂದಿನ ದಿನ ‘ಮ್ಯಾಗ್ಮಾ ಇಂಡೊನೇಷ್ಯಾ’ ಜಾಲತಾಣದಲ್ಲಿ ಮಟ್ಟವನ್ನೂ ನಿಷೇಧಿತ ವಲಯ ಎಷ್ಟು ದೂರ ಎಂಬುದನ್ನೂ ನೋಡಿ. ಗೈಡ್ ಪರವಾಗಿಲ್ಲ ಎಂದರೂ ಆ ವಲಯದೊಳಗೆ ಕಾಲಿಡಬೇಡಿ. ಭೂಕಂಪ ಅಲ್ಲಿ ಅಪರೂಪವಲ್ಲ: 2018ರ ಜುಲೈ 29ರ 6.4 ತೀವ್ರತೆಯ ಕಂಪನಕ್ಕೆ ಗುಡ್ಡ ಕುಸಿದು ಐನೂರಕ್ಕೂ ಹೆಚ್ಚು ಚಾರಣಿಗರು ರಿಂಜಾನಿಯ ಮೇಲೆ ಸಿಲುಕಿದ್ದರು. ನೆಲ ನಡುಗಿದರೆ ಕೊರಕಲು, ಬಂಡೆಯ ಬುಡ ಬಿಟ್ಟು ಏಣಿನ ಅಗಲ ಜಾಗಕ್ಕೆ ಬನ್ನಿ.

ಆಗಸ್ಟ್ ಒಳ್ಳೆಯ ಆಯ್ಕೆ, ಒಣ ಕಾಲ. ಮಳೆಗಾಲದಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ, ದಾರಿ ಮುಚ್ಚುತ್ತಾರೆ. ಟಿಕೆಟ್ ‘ಇ-ರಿಂಜಾನಿ’ ಆ್ಯಪ್ ಮೂಲಕ. ಆ ತಿಂಗಳಿನಲ್ಲಿ ಜಾಗ ಬೇಗ ತುಂಬುವುದರಿಂದ ಮುಂಚೆಯೇ ಕಾದಿರಿಸಿ. ಗೈಡ್ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಗುಂಪಿನಲ್ಲಿ ಒಬ್ಬರು ಹಿಂದೆ ಬಿದ್ದರೆ ಅವರ ಜೊತೆ ಯಾರಿರುತ್ತಾರೆ? ಇದಕ್ಕೆ ಸ್ಪಷ್ಟ ಉತ್ತರವಿಲ್ಲದ ಕಡೆ ಹಣ ಕಟ್ಟಬೇಡಿ. 2025ರ ಜೂನ್‌ನಲ್ಲಿ ಶಿಖರದ ಏಣಿನಿಂದ ಕೆರೆಯ ಬದಿಗೆ ಬಿದ್ದ ಪ್ರವಾಸಿಯೊಬ್ಬರನ್ನು ತಲುಪಲು ರಕ್ಷಣಾ ತಂಡಕ್ಕೆ ದಿನಗಳೇ ಬೇಕಾದವು, ಅಷ್ಟರಲ್ಲಿ ಜೀವ ಹೋಗಿತ್ತು. ಮಂಜು ಕವಿದರೆ ಹೆಲಿಕಾಪ್ಟರ್ ಹತ್ತಿರ ಬರುವುದಿಲ್ಲ, ಸಡಿಲ ನೆಲದಲ್ಲಿ ಹಗ್ಗ ಕಟ್ಟಲು ಗಟ್ಟಿ ಬಂಡೆ ಸಿಗುವುದಿಲ್ಲ. ಏಣಿನ ಅಂಚು ಮೇಲಿನಿಂದ ಗಟ್ಟಿಯಾಗಿ ಕಂಡರೂ ಕೆಳಗೆ ಟೊಳ್ಳಾಗಿರಬಹುದು. ಅಂಚಿನಿಂದ ಮೂರು ಮೀಟರಾದರೂ ದೂರವಿರಿ, ಫೋಟೊ ತೆಗೆಯುವಾಗಲೂ. ದಣಿದಾಗ ಒಬ್ಬರೇ ಕೂರಬೇಡಿ.

ಹೊತ್ತಿನ ಲೆಕ್ಕ ಹೀಗೆ. ಎರಡಕ್ಕೆ ಹೊರಟು ಮೂರಕ್ಕೆ ಏಣು, ಐದರ ಒಳಗೆ ‘ಲೆಟರ್ ಇ’ ಬುಡ, ಆರರ ಸುಮಾರಿಗೆ ತುದಿ. ಒಂಬತ್ತು ಹತ್ತಕ್ಕೆ ಮೋಡ ಮೇಲೇರಿ ಏಣನ್ನು ಮುಚ್ಚುತ್ತದೆ, ಅಷ್ಟರಲ್ಲಿ ಬಿಡಾರದ ಹತ್ತಿರ ಇರಬೇಕು. ಏಣು ಮುಟ್ಟಲು ಒಂದೂವರೆ ಗಂಟೆ ಮೀರಿದರೆ ಅಂದಿನ ಮಟ್ಟಿಗೆ ಕಾಲು ಸಿದ್ಧವಿಲ್ಲ. ಏಣಿನ ಮೇಲೆಯೇ ಸೂರ್ಯೋದಯ ನೋಡಿ ಇಳಿಯಿರಿ, ಆ ನೋಟ ತುದಿಯದಕ್ಕಿಂತ ಏನೂ ಕಡಿಮೆಯಲ್ಲ. ಕೊನೆಯ ಏರಿನ ಬುಡದಲ್ಲಿ ಆರು ಗಂಟೆ ದಾಟಿದರೆ ಹಿಂತಿರುಗಿ. ಏಳೂವರೆಗೆ ಎಲ್ಲಿದ್ದರೂ, ತುದಿ ಐವತ್ತು ಮೀಟರ್ ಇದ್ದರೂ, ಮುಖ ತಿರುಗಿಸಿ. ಈ ಮೂರು ಹೊತ್ತುಗಳನ್ನು ಹಿಂದಿನ ಸಂಜೆಯೇ ಗೈಡ್‌ಗೆ ಹೇಳಿಟ್ಟುಬಿಡಿ. ದಣಿದ ತಲೆ ಬೆಟ್ಟದ ಮೇಲೆ ಸರಿಯಾದ ತೀರ್ಮಾನ ಮಾಡುವುದಿಲ್ಲ.

ಇಳಿಯುವಾಗ ಅದೇ ಜಲ್ಲಿ ಸ್ನೇಹಿತನಾಗಬಹುದು, ಒಂದು ಶರತ್ತಿನ ಮೇಲೆ: ಅದು ಆಳವಾಗಿರಬೇಕು. ಆಳದ ಜಲ್ಲಿಯಲ್ಲಿ ಹಿಮ್ಮಡಿ ಮೊದಲು ಊರಿ, ಮಂಡಿ ತುಸು ಮಡಿಸಿ, ಮೈಯನ್ನು ಕೊಂಚ ಮುಂದಕ್ಕೆ ಇಟ್ಟು ದೃಢವಾಗಿ ಹೆಜ್ಜೆ ಹಾಕಿದರೆ, ಪ್ರತಿ ಹೆಜ್ಜೆಗೂ ಒಂದಡಿ ಜಾರಿ ತಾನೇ ನಿಲ್ಲುತ್ತದೆ. ಮಂಡಿಗೆ ಪೆಟ್ಟಿಲ್ಲ. ಆದರೆ ಗಟ್ಟಿ ಬಂಡೆಯ ಮೇಲೆ ತೆಳ್ಳಗೆ ಹರಡಿದ ಜಲ್ಲಿ ಇದ್ದರೆ ಅದು ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ. ಸದ್ದು ಕೇಳಿ ಗುರುತಿಸಿ: ಆಳದ್ದು ‘ಝರ್ರ್’ ಎಂದು ಮಂದವಾಗಿ ಹರಿಯುತ್ತದೆ, ತೆಳುವಿನದು ಕಟಕಟ ಎನ್ನುತ್ತದೆ. ಕಟಕಟ ಕೇಳಿದ ಕೂಡಲೇ ಹೆಜ್ಜೆ ಗಿಡ್ಡ ಮಾಡಿ, ಪಾದ ಅಡ್ಡ ತಿರುಗಿಸಿ, ಪೂರ್ತಿ ಅಟ್ಟೆ ಊರಿ. ಹೆದರಿ ಹಿಂದಕ್ಕೆ ವಾಲುವುದೇ ಬೀಳುವುದಕ್ಕೆ ದೊಡ್ಡ ಕಾರಣ. ವಾಲಿದಾಗ ಭಾರ ಪಾದದ ಮೇಲಿಂದ ಹಿಂದೆ ಸರಿದು ಕಾಲು ಮುಂದಕ್ಕೆ ಚಿಮ್ಮುತ್ತದೆ. ಕುಳಿತು ಜಾರುವುದಂತೂ ಬೇಡವೇ ಬೇಡ, ನಿಲ್ಲಿಸಲು ಆಗುವುದಿಲ್ಲ. ನಡೆಗೋಲನ್ನು ಈಗ ಹತ್ತು ಸೆಂ.ಮೀ. ಉದ್ದ ಮಾಡಿ, ಅದರ ಪಟ್ಟಿಯಿಂದ ಮಣಿಕಟ್ಟು ಬಿಡಿಸಿಕೊಳ್ಳಿ. ಕೋಲು ಕಲ್ಲಿನ ಸಂದಿಯಲ್ಲಿ ಸಿಕ್ಕರೆ ಬಿಟ್ಟುಬಿಡಲು ಆಗಬೇಕು. ತುದಿಯಲ್ಲಿ ಹೊರಡುವ ಮುನ್ನ ಬೂಟು ಬಿಚ್ಚಿ ಹರಳು ಕೊಡವಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರದ ದಾರ ಬಿಗಿಯಾಗಿ ಕಟ್ಟಿ. ಕಾಲ್ಬೆರಳು ಬೂಟಿನ ಮೂತಿಗೆ ಗುದ್ದುವುದು ಹಾಗೆ ತಪ್ಪುತ್ತದೆ. ಉಗುರು ಮೂರು ದಿನ ಮೊದಲೇ ಕತ್ತರಿಸಿರಿ.

ಬಿಡಾರಕ್ಕೆ ಬಂದ ಮೇಲೆ ಮೊದಲು ನೀರು, ಆಮೇಲೆ ಊಟ, ಆಮೇಲೆ ನಿದ್ದೆ. ಮೂರನೆಯ ದಿನ ಆರೂವರೆಯ ಒಳಗೆ ಇಳಿಯಲು ಶುರು ಮಾಡಿ. ಏಳು ಗುಡ್ಡದ ಸಾಲಿನಲ್ಲಿ ಒಣ ಮಣ್ಣಿನ ಮೇಲೆ ಜಲ್ಲಿ ತೆಳ್ಳಗಿದೆ, ಅಲ್ಲೆಲ್ಲ ಕಟಕಟ ಸದ್ದಿನ ಹೆಜ್ಜೆಯೇ ಬೇಕು. ಅದು ಮುಗಿದು ಹುಲ್ಲುಗಾವಲಿಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ, ಬಾಟಲಿಯಲ್ಲಿ ಒಂದು ಲೀಟರಾದರೂ ಉಳಿದಿರಲಿ.